ಮೈಕಲ್ ಜಾಕ್ಸನ್ ವಿಡಿಯೊ ಸಂಜೆ: ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳ ಎರಡನೇ ಭಾನುವಾರ ಸಂಜೆ ಕಲಬುರಗಿಯ ಒಂದು ಡ್ಯಾನ್ಸ್ ಕ್ಲಾಸಿನ ಹಾಲ್‌ನಲ್ಲಿ ನಾವೊಂದಿಷ್ಟು ಜನ ಸೇರುತ್ತೇವೆ. ಗೋಡೆಗೆ ಬಿಳಿ ಚಾದರ, ಎದುರಿಗೆ ಹಳೇ ಪ್ರೊಜೆಕ್ಟರ್, ಮೂಲೆಯಲ್ಲಿ ಕೂಲರ್. ಕೂಲರ್ ಹಾಕಿದರೆ ಹಾಡು ಕೇಳಿಸುವುದಿಲ್ಲ, ಆರಿಸಿದರೆ ಕೂತಿರಲು ಆಗುವುದಿಲ್ಲ. ಹೀಗೇ ನಡೆದಿದೆ. ಈ ವರ್ಷವಿಡೀ ನೋಡುತ್ತಿರುವುದು ಮೈಕಲ್ ಜಾಕ್ಸನ್ ವಿಡಿಯೊಗಳನ್ನು. ವಿಡಿಯೊ ಹತ್ತು ನಿಮಿಷ, ಆಮೇಲೆ ಜಗಳ ಒಂದು ತಾಸು. ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಒಮ್ಮೆ ಬರೆದಿಡು ಅಂತ ಗೆಳೆಯರು ಈ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಉತ್ತರಗಳಲ್ಲಿ ಮಾಹಿತಿಯ ಜೊತೆ ನನ್ನ ಅಭಿಪ್ರಾಯವೂ ಬೆರೆತಿದೆ. ಒಪ್ಪದವರು ಬಂದು ಜಗಳ ಆಡಬಹುದು.

ಜಗತ್ತಿನಲ್ಲಿ ಇಷ್ಟೊಂದು ಗಾಯಕರಿದ್ದಾರೆ. ಇವನೇ ಯಾಕೆ?

ಈ ಹೆಸರು ಗೊತ್ತಿಲ್ಲದವರು ನಮ್ಮೂರಲ್ಲಿ ಸಿಗುವುದಿಲ್ಲ, ಅದಕ್ಕೆ. ಮದುವೆ ಮೆರವಣಿಗೆಯಲ್ಲಿ ಯಾವನಾದರೂ ಸ್ವಲ್ಪ ಜಾಸ್ತಿ ಸೊಂಟ ಕುಣಿಸಿದರೆ ಸಾಕು, 'ಭಾರಿ ಮೈಕಲ್ ಜಾಕ್ಸನ್ ಆಗ್ಯಾನ ನೋಡು' ಅಂತ ಕಟ್ಟೆ ಮೇಲೆ ಕೂತ ಮುತ್ಯಾ ಅನ್ನುತ್ತಾನೆ. ಇಂಗ್ಲಿಷ್ ಹಾಡು ಒಂದನ್ನೂ ಕೇಳದವರ ಬಾಯಲ್ಲೂ ಆ ಹೆಸರಿದೆ. ಶಾಲೆಯ ಗ್ಯಾದರಿಂಗ್‌ನಲ್ಲಿ ಕರಿ ಟೋಪಿ, ಬಿಳಿ ಸಾಕ್ಸ್ ಹಾಕಿಕೊಂಡ ಒಬ್ಬ ಹುಡುಗ ಇದ್ದೇ ಇರುತ್ತಿದ್ದ. ನಮ್ಮ ಶಾಲೆಯಲ್ಲಿ ಅವನು ನಾನೇ.

ಇನ್ನೊಂದು ಕಾರಣವೂ ಇದೆ. ತೆರೆ ಮೇಲೆ ಯಾರು ಕಾಣಬೇಕು, ಹೇಗೆ ಕಾಣಬೇಕು ಅನ್ನೋ ಜಗಳ ಆತನ ವಿಡಿಯೊಗಳ ಉದ್ದಕ್ಕೂ ನಡೆಯುತ್ತದೆ. ಬಣ್ಣ, ಧರ್ಮ, ಓಣಿ, ದೇಶ, ಗಂಡಸುತನ, ಎಲ್ಲ ಬರುತ್ತವೆ. ಆತ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಇಂಡಿಯಾನ ರಾಜ್ಯದ ಗ್ಯಾರಿ ಎಂಬ ಉಕ್ಕಿನ ಕಾರ್ಖಾನೆಯ ಊರಲ್ಲಿ. ಅಪ್ಪ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಿದ್ದ. ಸಣ್ಣ ಮನೆ, ಒಂಬತ್ತು ಮಕ್ಕಳು. ನಮ್ಮ ಕಾರ್ಖಾನೆಯ ಊರುಗಳಾದ ವಾಡಿ, ಶಹಾಬಾದ್ ಕಡೆಯಿಂದ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾಳಿ, ಭೋಂಗಾ, ಧೂಳು.

ಎಂಟಿವಿಯಲ್ಲಿ ಬಂದ ಮೊದಲ ಕಪ್ಪು ಗಾಯಕ ಇವನೇ ಅಂತಾರೆ. ಹೌದಾ?

ಅಲ್ಲ. ಎಂಟಿವಿ ಎಂಬ ಅಮೆರಿಕದ ಹಾಡಿನ ಚಾನೆಲ್ ಶುರುವಾಗಿದ್ದು 1981ರ ಆಗಸ್ಟ್ 1ರಂದು. ಜಾಕ್ಸನ್‌ಗಿಂತ ಮೊದಲೇ ಕೆಲವು ಕಪ್ಪು ಕಲಾವಿದರ ವಿಡಿಯೊ ಅಲ್ಲಿ ಬಂದಿದ್ದವು. ಬ್ರಿಟನ್ನಿನ ಮ್ಯೂಸಿಕಲ್ ಯೂತ್ ಎಂಬ ಹುಡುಗರ ತಂಡ ಅಂಥದ್ದೊಂದು. ಆದರೆ ಅವೆಲ್ಲ ಬೆರಳಲ್ಲಿ ಎಣಿಸುವಷ್ಟು. 'ನಮ್ಮದು ರಾಕ್ ಚಾನೆಲ್' ಅನ್ನೋದು ಅವರ ಸಬೂಬು. ರಾಕ್ ಅಂದರೆ ಬಿಳಿಯರದ್ದು ಅಂತ ಒಳಲೆಕ್ಕ.

1983ರ ಜನವರಿಯಲ್ಲಿ ಬ್ರಿಟನ್ನಿನ ಗಾಯಕ ಡೇವಿಡ್ ಬೋವಿ ಎಂಟಿವಿಗೆ ಸಂದರ್ಶನ ಕೊಡಲು ಕೂತ. ಕೂತವನು ನಿರೂಪಕನನ್ನೇ ತಿರುಗಿ ಕೇಳಿದ: ಇಲ್ಲಿ ಕಪ್ಪು ಕಲಾವಿದರು ಯಾಕಿಷ್ಟು ಕಡಿಮೆ? ಬೋವಿ ಬಿಳಿಯ ಅನ್ನೋದು ನೆನಪಿರಲಿ. ನಿರೂಪಕ ತಡಬಡಾಯಿಸಿ, ನ್ಯೂಯಾರ್ಕ್‌ನವರಷ್ಟೇ ಅಲ್ಲ, ಸಣ್ಣ ಊರಿನವರೂ ನೋಡುತ್ತಾರೆ, ಅವರು ಬೆಚ್ಚಿಬೀಳುತ್ತಾರೆ ಅನ್ನೋ ಅರ್ಥದ ಮಾತಾಡಿದ. ಇದನ್ನು ತೋರಿಸಿದಾಗಲೆಲ್ಲ ನಮ್ಮ ಹಾಲ್‌ನಲ್ಲಿ ನಗು ಏಳುತ್ತದೆ. ಸಣ್ಣ ಊರಿನವರಿಗೆ ಏನು ರುಚಿಸುತ್ತದೆ ಅಂತ ದೊಡ್ಡ ಊರಲ್ಲಿ ಕೂತು ತೀರ್ಮಾನ ಮಾಡುವುದನ್ನು ನಾವು ಕಾಣದವರಾ?

ಎರಡು ತಿಂಗಳು ಕಳೆದು ಮಾರ್ಚ್‌ನಲ್ಲಿ 'ಬಿಲ್ಲಿ ಜೀನ್' ಬಂತು. 'ಇದನ್ನು ಹಾಕದಿದ್ದರೆ ನಮ್ಮ ಯಾವ ವಿಡಿಯೊವನ್ನೂ ಕೊಡಲ್ಲ ಅಂತ ಬೆದರಿಸಿದ್ದೆ' ಎಂದು ರೆಕಾರ್ಡ್ ಕಂಪನಿಯ ಮುಖ್ಯಸ್ಥ ವಾಲ್ಟರ್ ಯೆಟ್ನಿಕಾಫ್ ಮುಂದೆ ಹೇಳಿಕೊಂಡ. ಚಾನೆಲ್‌ನವರು ಅದನ್ನು ಒಪ್ಪಲಿಲ್ಲ. ಯಾರು ಸತ್ಯ ಹೇಳಿದರೋ, ಹಾಡಂತೂ ದಿನಾ ಮತ್ತೆ ಮತ್ತೆ ಬರತೊಡಗಿತು. ಮೊದಲು ಬಂದವನು ಇವನಲ್ಲ, ಬಿಡದೆ ಬಂದವನು ಇವನು.

ಮೂನ್‌ವಾಕ್ ಇರೋದು ಆ ವಿಡಿಯೊದಲ್ಲೇ ಅಲ್ವಾ?

ಅಲ್ಲ. ಅದರಲ್ಲಿ ಆತ ಕಾಲಿಟ್ಟ ಕಲ್ಲು ಬೆಳಗುತ್ತದೆ, ಅಷ್ಟೇ. ಮೂನ್‌ವಾಕ್, ಅಂದರೆ ಮುಂದೆ ನಡೆದಂತೆ ಕಾಣುತ್ತ ಹಿಂದಕ್ಕೆ ಜಾರುವ ಹೆಜ್ಜೆ, ಮಾಡಿದ್ದು 1983ರ ಮಾರ್ಚ್ 25ರಂದು ಒಂದು ವೇದಿಕೆ ಕಾರ್ಯಕ್ರಮದಲ್ಲಿ. ಟಿವಿಯಲ್ಲಿ ಅದು ಬಂದಿದ್ದು ಮೇ 16ಕ್ಕೆ. ಆತ ಕಂಡುಹಿಡಿದದ್ದೂ ಅಲ್ಲ. ಬಿಲ್ ಬೇಲಿ ಎಂಬ ಕಪ್ಪು ಟ್ಯಾಪ್ ಡ್ಯಾನ್ಸರ್ 1950ರ ದಶಕದಲ್ಲೇ ಹಾಗೆ ಹಿಂದಕ್ಕೆ ಜಾರುತ್ತಿದ್ದ. 1982ರಲ್ಲಿ ಜೆಫ್ರಿ ಡೇನಿಯಲ್ ಎಂಬ ಡ್ಯಾನ್ಸರ್ ಬ್ರಿಟನ್ ಟಿವಿಯಲ್ಲಿ ಮಾಡಿ ತೋರಿಸಿದ್ದ. ಇದು ಬಡ ಓಣಿಗಳ ಕಪ್ಪು ಹುಡುಗರು ಬೀದಿಯಲ್ಲಿ ಕಟ್ಟಿದ ಹೆಜ್ಜೆ ಅಂತ ಜಾಕ್ಸನ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಕಲಿಯಬೇಕು ಅನ್ನುವವರಿಗೆ ಒಂದು ಮಾತು. ಪಾಲಿಶ್ ಇಲ್ಲದ ಶಹಾಬಾದಿ ಕಲ್ಲಿನ ಮೇಲೆ ಕಾಲು ಜಾರುವುದಿಲ್ಲ. ಸಾಕ್ಸ್ ಹರಿಯುತ್ತದೆ. ನನ್ನದು ಎರಡು ಜೊತೆ ಹರಿದಿವೆ.

'ಬೀಟ್ ಇಟ್'ನಲ್ಲಿ ಇರೋರು ನಿಜವಾದ ರೌಡಿಗಳಾ?

ಎಲ್ಲರೂ ಅಲ್ಲ. ಚಾಕು ಹಿಡಿದು ಸುತ್ತುವ ಇಬ್ಬರು ಮುಖಂಡರು ಡ್ಯಾನ್ಸರ್‌ಗಳು; ಅವರಲ್ಲೊಬ್ಬ, ಮೈಕಲ್ ಪೀಟರ್ಸ್, ಆ ಹಾಡಿನ ನೃತ್ಯ ನಿರ್ದೇಶಕನೂ ಹೌದು. ಆದರೆ ಸುತ್ತ ನಿಂತವರಲ್ಲಿ ಲಾಸ್ ಏಂಜಲೀಸ್‌ನ ಬೀದಿ ಗ್ಯಾಂಗ್‌ಗಳ ನಿಜವಾದ ಹುಡುಗರು ಇದ್ದರು. ಕ್ರಿಪ್ಸ್, ಬ್ಲಡ್ಸ್ ಅಂತ ಎರಡು ಗ್ಯಾಂಗ್, ಹಾವು ಮುಂಗುಸಿ. ಇಬ್ಬರನ್ನೂ ಒಂದೇ ಶೂಟಿಂಗ್‌ಗೆ ಕರೆಸಿದ್ದು ಜಾಕ್ಸನ್ ಆಸೆಯಂತೆ.

'ಥ್ರಿಲ್ಲರ್' ಶುರುವಿನಲ್ಲಿ ಏನೋ ಬರಹ ಬರುತ್ತದಲ್ಲ, ಅದೇನು?

ಹೊಸಬರಲ್ಲಿ ಯಾರಾದರೂ ಇದನ್ನು ಕೇಳಿದರೆ ನನಗೆ ಖುಷಿ. ಎಲ್ಲರೂ ದೆವ್ವಗಳಿಗೆ ಕಾಯುತ್ತ ಅದನ್ನು ಓದದೇ ಬಿಡುತ್ತಾರೆ.

ಈ ವಿಡಿಯೊ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಹೆಚ್ಚುಕಡಿಮೆ 14 ನಿಮಿಷ, ನಿರ್ದೇಶನ ಜಾನ್ ಲ್ಯಾಂಡಿಸ್. ಜಾಕ್ಸನ್ ಆಗ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವನು. ತಾಯಿಯಿಂದ ಬಂದ ನಂಬಿಕೆ. ಆ ಪಂಗಡದಲ್ಲಿ ದೆವ್ವ, ಮಾಟ ಎಲ್ಲ ನಿಷಿದ್ಧ. ಹಿರಿಯರ ಕೋಪಕ್ಕೆ ಹೆದರಿ, 'ನನ್ನ ಸ್ವಂತ ನಂಬಿಕೆಯ ಕಾರಣ ಹೇಳುತ್ತಿದ್ದೇನೆ, ಈ ಚಿತ್ರ ಮಾಟಮಂತ್ರವನ್ನು ಒಪ್ಪುವುದಿಲ್ಲ' ಅನ್ನೋ ಅರ್ಥದ ಎರಡು ಸಾಲು ಹಾಕಿಸಿದ.

ಜಗತ್ತೇ ಕುಣಿಯುವ ವಿಡಿಯೊ ಮಾಡಿದವನಿಗೂ ಮನೆಯ ದೇವರ ಭಯ. ಬೆಳಗ್ಗೆ ಶರಣಬಸವೇಶ್ವರ ಗುಡಿಗೆ ಹೋಗಿ ಸಂಜೆ ಡ್ಯಾನ್ಸ್ ಕ್ಲಾಸಿಗೆ ಬರುವ, ಮನೆಯಲ್ಲಿ ಮಾತ್ರ 'ಟ್ಯೂಷನ್‌ಗೆ ಹೋಗಿದ್ದೆ' ಅನ್ನುವ ಹುಡುಗಿಯರು ಈ ಎರಡು ಸಾಲನ್ನು ನಮಗಿಂತ ಚೆನ್ನಾಗಿ ಓದುತ್ತಾರೆ. ಅಂದ ಹಾಗೆ, 2009ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಇದು ಸೇರಿತು. ಆ ಪಟ್ಟಿ ಸೇರಿದ ಮೊದಲ ಮ್ಯೂಸಿಕ್ ವಿಡಿಯೊ ಇದೇ.

'ಬ್ಯಾಡ್' ವಿಡಿಯೊ ನಾಲ್ಕು ನಿಮಿಷದ್ದು. ನೀವು ಹದಿನೆಂಟು ನಿಮಿಷ ಏನು ತೋರಿಸ್ತೀರಿ?

ಪೂರ್ತಿ ಇರೋದೇ ಅಷ್ಟು. ಟಿವಿಯವರು ಬರೀ ಕುಣಿತವನ್ನು ಕತ್ತರಿಸಿ ಹಾಕುತ್ತಿದ್ದರು. ಅದಕ್ಕಿಂತ ಮೊದಲು ಕಪ್ಪು-ಬಿಳುಪಿನಲ್ಲಿ ಒಂದು ಕತೆ ಇದೆ. ನನ್ನ ಪ್ರಕಾರ ಆತನ ಎಲ್ಲ ವಿಡಿಯೊಗಳಲ್ಲಿ ಎದೆಗೆ ಹತ್ತಿರ ಬರುವುದು ಇದೇ.

1987. ನಿರ್ದೇಶನ ಮಾರ್ಟಿನ್ ಸ್ಕಾರ್ಸೆಸಿ. ಡ್ಯಾರಿಲ್ ಎಂಬ ಬಡ ಓಣಿಯ ಕಪ್ಪು ಹುಡುಗ ಶ್ರೀಮಂತರ ಖಾಸಗಿ ಶಾಲೆಯಲ್ಲಿ ಓದುತ್ತಾನೆ. ರಜೆಗೆ ರೈಲು ಹತ್ತಿ ಊರಿಗೆ ಬರುತ್ತಾನೆ. ಓಣಿಯ ಗೆಳೆಯರು ಮೊದಲು ತಬ್ಬಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಕುಟುಕಲು ಶುರು. ಮಾತು ಬದಲಾಯಿತು, ನಡಿಗೆ ಬದಲಾಯಿತು, ನೀನೀಗ ನಮ್ಮವನಲ್ಲ. ನಮ್ಮವನು ಹೌದು ಅಂತ ತೋರಿಸಲು ಅವನು ಕಳ್ಳತನಕ್ಕೂ ಹೊರಡುತ್ತಾನೆ, ಕೊನೆ ಗಳಿಗೆಯಲ್ಲಿ ಬೇಡ ಅನ್ನುತ್ತಾನೆ. ಗ್ಯಾಂಗ್ ಮುಖಂಡನಾಗಿ ವೆಸ್ಲಿ ಸ್ನೈಪ್ಸ್, ಆಗಿನ್ನೂ ಹೆಸರು ಮಾಡಿರಲಿಲ್ಲ. ಆಮೇಲೆ ಬಣ್ಣ ತುಂಬುತ್ತದೆ, ಬ್ರೂಕ್ಲಿನ್ನಿನ ಮೆಟ್ರೊ ನಿಲ್ದಾಣದಲ್ಲಿ ಕುಣಿತ.

ನಾನು ಬೆಂಗಳೂರಲ್ಲಿ ಮೂರು ವರ್ಷ ಓದಿದೆ. ಅಲ್ಲಿ 'ಮಾಡ್ಲತ್ತೀನಿ' ಅಂದರೆ ಹಾಸ್ಟೆಲ್ ಹುಡುಗರು ನಗುತ್ತಿದ್ದರು. ಇಲ್ಲಿಗೆ ಬಂದು 'ಮಾಡ್ತಾ ಇದ್ದೀನಿ' ಅಂದರೆ ಓಣಿಯವರು ನಗುತ್ತಿದ್ದರು. 'ಏನಲೇ, ದೊಡ್ಡ ಸಾಹೇಬ ಆಗಿಯಲ್ಲ' ಅಂತ. ಕೊನೆಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ಅಭ್ಯಾಸ ಮಾಡಿಕೊಂಡೆ. ಯಾದಗಿರಿ ದಾಟಿದ ಮೇಲೆ ಮಾತು ಬದಲಿಸುವುದು. ಪಕ್ಕದ ಸೀಟಿನವರಿಗೆ ಹುಡುಗ ಬದಲಾದನೇನೋ ಅನ್ನಿಸಿರಬೇಕು. ಈ ವಿಡಿಯೊ ಮುಗಿದ ಮೇಲೆ ನಮ್ಮಲ್ಲಿ ಡ್ಯಾನ್ಸ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಲ್ಲರಿಗೂ ಒಂದೊಂದು ರೈಲಿನ ಕತೆ ಇರುತ್ತದೆ.

'ಬ್ಲ್ಯಾಕ್ ಆರ್ ವೈಟ್'ನಲ್ಲಿ ಭರತನಾಟ್ಯ ಮಾಡುವ ಹುಡುಗಿ ಯಾರು?

ಮೊದಲು, ಅದು ಭರತನಾಟ್ಯ ಅಲ್ಲ, ಒಡಿಸ್ಸಿ. ಮಾಡಿದವರು ಯಮುನಾ ಸಂಗರಶಿವಂ. ಅವರು ಮುಂದೆ ಅಮೆರಿಕದಲ್ಲಿ ಮಾನವಶಾಸ್ತ್ರದ ಪ್ರಾಧ್ಯಾಪಕಿಯಾದರು.

ಈ ವಿಡಿಯೊ ಬಂದದ್ದು 1991ರ ನವೆಂಬರ್ 14ಕ್ಕೆ. ಒಟ್ಟಿಗೇ 27 ದೇಶಗಳಲ್ಲಿ ತೋರಿಸಿದರು. ಸುಮಾರು 50 ಕೋಟಿ ಜನ ನೋಡಿದರು ಎಂಬುದು ಆಗಿನ ಲೆಕ್ಕ. ಜಾಕ್ಸನ್ ಒಂದೊಂದೇ ಗುಂಪಿನ ಜೊತೆ ಕುಣಿಯುತ್ತ ಹೋಗುತ್ತಾನೆ. ಆಫ್ರಿಕಾದವರು, ಥಾಯ್ ನರ್ತಕಿಯರು, ಅಮೆರಿಕದ ಮೂಲ ನಿವಾಸಿಗಳು, ರಷ್ಯಾದವರು. ನಡುವೆ ವಾಹನಗಳು ಓಡುವ ರಸ್ತೆ ಮಧ್ಯದಲ್ಲಿ ಈ ಒಡಿಸ್ಸಿ. ಆಮೇಲೆ ಒಂದು ಮುಖ ಇನ್ನೊಂದು ಮುಖವಾಗಿ ಕರಗುವ ಆ ಪ್ರಸಿದ್ಧ ಭಾಗ. ಕಪ್ಪು, ಬಿಳಿ, ಗಂಡು, ಹೆಣ್ಣು. ಇವತ್ತು ಮೊಬೈಲ್ ಆ್ಯಪ್‌ನಲ್ಲಿ ಪುಕ್ಕಟೆ ಸಿಗುವ ಆಟ ಅದು. ಆಗ ಅದನ್ನು ನೋಡಿ ಜನ ಬಾಯಿ ಬಿಟ್ಟಿದ್ದರು. ಆ ಮುಖಗಳಲ್ಲಿ ಒಂದು ಟೈರಾ ಬ್ಯಾಂಕ್ಸ್‌ದು, ಮುಂದೆ ದೊಡ್ಡ ಮಾಡೆಲ್ ಆದವಳು.

ಇದು ನಮಗೆ ಗೌರವವೋ, ಅವಮಾನವೋ?

ನಮ್ಮಲ್ಲಿ ಅತಿ ಉದ್ದದ ಜಗಳ ಇದರದ್ದೇ. ನಮ್ಮಲ್ಲಿನ ಒಬ್ಬ ಮೇಡಂ, ಒಡಿಸ್ಸಿಯನ್ನು ಹೀಗೆ ಹೈವೇ ಮೇಲೆ ಕುಣಿಸುವುದೇ, ಇಪ್ಪತ್ತು ಸೆಕೆಂಡಿಗೆ ಒಂದು ದೇಶ ಮುಗಿಸುವುದೇ ಅಂತ ಸಿಟ್ಟಾದರು. ಜನವರಿ 26ರ ಸ್ತಬ್ಧಚಿತ್ರಗಳ ಹಾಗೆ, ಎಲ್ಲರಿಗೂ ಒಂದೊಂದು ವೇಷ ಹಾಕಿಸಿ ಲಾರಿ ಮೇಲೆ ನಿಲ್ಲಿಸಿದ್ದು ಅಂದರು. ಮಾತು ತಪ್ಪಲ್ಲ. ರಷ್ಯಾದವರು ಯಾವಾಗಲೂ ಹಿಮದಲ್ಲೇ ಕುಣಿಯುತ್ತಾರಾ? ಅಮೆರಿಕದ ಮೂಲ ನಿವಾಸಿಗಳು ಯಾವಾಗಲೂ ಗರಿ ಕಟ್ಟಿಕೊಂಡೇ ಇರುತ್ತಾರಾ?

ಆದರೆ ನನಗೆ ಬೇರೊಂದು ನೆನಪಿದೆ. ನಮ್ಮೂರನ್ನು ಇನ್ನೂ ಗುಲಬರ್ಗಾ ಅನ್ನುತ್ತಿದ್ದ ಕಾಲ. ನಮ್ಮ ಓಣಿಯ ಒಂದೇ ಮನೆಗೆ ಕೇಬಲ್ ಬಂದಿತ್ತು. ಇಂಗ್ಲಿಷ್ ಹಾಡಿನಲ್ಲಿ ಸೀರೆ, ಗೆಜ್ಜೆ, ಬಿಂದಿ ಕಂಡ ಕೂಡಲೇ ಕಾಕಿ ಅಡುಗೆಮನೆಯಿಂದ ಎಲ್ಲರನ್ನೂ ಕೂಗಿ ಕರೆದಿದ್ದಳು. 'ನಮ್ಮಕಿ ಬಂದಾಳ ಬರ್ರೆ!' ಸೆಕೆಂಡುಗಳಲ್ಲಿ ಹೋಗಿಯೂ ಹೋದಳು. ಇನ್ನೊಂದು ಸಲ ಬರುತ್ತಾಳೇನೋ ಅಂತ ವಾರಗಟ್ಟಲೆ ಕಾದೆವು. ಆ ಮೇಡಂ ಹೇಳಿದ್ದೂ ನಿಜ, ಕಾಕಿಯ ಖುಷಿಯೂ ನಿಜ. ಎರಡನ್ನೂ ಕೂಡಿಸಿ ಒಂದು ಉತ್ತರ ಕೊಡಲು ನನಗೆ ಬರುವುದಿಲ್ಲ.

ಅದರ ಕೊನೆಯಲ್ಲಿ ಕರಿ ಚಿರತೆ ಬರುವ ಭಾಗ ಯಾಕೆ ಅಷ್ಟು ಗಲಾಟೆ?

ಹಾಡು ಮುಗಿದ ಮೇಲೆ ಕರಿ ಚಿರತೆಯೊಂದು ಜಾಕ್ಸನ್ ಆಗುತ್ತದೆ. ನಾಲ್ಕು ನಿಮಿಷ ಹಾಡಿಲ್ಲ, ಬರೀ ಹೆಜ್ಜೆ ಸದ್ದು, ಕೂಗು. ಕಾರಿನ ಗಾಜು ಒಡೆಯುತ್ತಾನೆ, ಪ್ಯಾಂಟಿನ ಮುಂಭಾಗ ಹಿಡಿದುಕೊಳ್ಳುತ್ತಾನೆ. ಮನೆಮಂದಿ ಜೊತೆ ಕೂತು ನೋಡಿದವರು ದೂರಿದರು. ಆತ ಕ್ಷಮೆ ಕೇಳಿದ, ಆ ಭಾಗ ಕತ್ತರಿಸಿದರು. ಮುಂದೆ ಬಂದ ಪ್ರತಿಯಲ್ಲಿ ಗಾಜಿನ ಮೇಲೆ ಜನಾಂಗದ್ವೇಷದ ಬೈಗುಳಗಳನ್ನು ಬರೆದಂತೆ ಸೇರಿಸಿದರು, ಸಿಟ್ಟಿಗೆ ಕಾರಣ ತಿಳಿಯಲಿ ಅಂತ.

ಎಲ್ಲರೂ ಒಂದೇ ಅಂತ ನಗುತ್ತ ಹಾಡಿದಾಗ 50 ಕೋಟಿ ಜನಕ್ಕೆ ಇಷ್ಟವಾಯಿತು. ಅದೇ ಮನುಷ್ಯ ಸಿಟ್ಟಾಗಿ ಕುಣಿದಾಗ ಬೇಡವಾಯಿತು. ನಾವು ಆ ಭಾಗ ಕತ್ತರಿಸುವುದಿಲ್ಲ.

ಬಣ್ಣ ಲೆಕ್ಕಕ್ಕಿಲ್ಲ ಅಂತ ಹಾಡಿದವನು ತಾನೇ ಯಾಕೆ ಬಿಳಿಯಾದ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಮೊದಲಿಗೇ ಬರೆಯಬೇಕಿತ್ತು, ಬೇಕಂತಲೇ ನಡುವೆ ಇಟ್ಟೆ. ಕೇಳುವವರ ಮುಖದಲ್ಲಿ ಒಂದು ನಗು ಇರುತ್ತದೆ. ಅದು ನನಗೆ ಗೊತ್ತಿರುವ ನಗು.

ಆತನಿಗೆ ತೊನ್ನು ಇತ್ತು. 1993ರ ಫೆಬ್ರವರಿ 10ರಂದು ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಜೊತೆಗಿನ ಸಂದರ್ಶನದಲ್ಲಿ ತಾನೇ ಹೇಳಿದ, ಚರ್ಮದ ಬಣ್ಣ ಹೋಗುವ ಕಾಯಿಲೆ ಇದೆ, ಅದು ನನ್ನ ಕೈಯಲ್ಲಿಲ್ಲ ಅಂತ. ತಾನು ಕಪ್ಪು ಅಮೆರಿಕನ್, ಅದರ ಬಗ್ಗೆ ಹೆಮ್ಮೆ ಇದೆ ಅಂತಲೂ ಹೇಳಿದ. ಜನ ನಂಬಲಿಲ್ಲ. 2009ರ ಜೂನ್ 25ರಂದು ಸತ್ತ ಮೇಲೆ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ತೊನ್ನು ಇದ್ದದ್ದು ಖಚಿತವಾಯಿತು. ಸುಳ್ಳುಗಾರ ಅಲ್ಲ ಅಂತ ತೋರಿಸಲು ಹೆಣ ಕೊಯ್ಯಬೇಕಾಯಿತು.

ಬಣ್ಣ ಬದಲಾದ ಬಗೆ ಹೀಗೆ. ಮೊದಮೊದಲು ಬಿಳಿ ಕಲೆ ಮುಚ್ಚಲು ಕಪ್ಪು ಮೇಕಪ್. ಕಲೆ ಹರಡುತ್ತ ಹೋಗಿ, ಉಳಿದ ಕಪ್ಪೇ ಕಲೆಯ ಹಾಗೆ ಕಾಣತೊಡಗಿದಾಗ ಮೇಕಪ್ ತಿಳಿಯಾಯಿತು. ತೊನ್ನು ತುಂಬ ಹರಡಿದವರಿಗೆ ಉಳಿದ ಬಣ್ಣವನ್ನೂ ತೆಗೆದು ಮೈ ಒಂದೇ ಸಮ ಮಾಡುವ ಮುಲಾಮು ಇದೆ, ಆತನೂ ಅದನ್ನು ಬಳಸಿದ. ಹಾಗಾಗಿ 'ಕ್ರೀಮ್ ಹಚ್ಚಿದ್ದ' ಅನ್ನೋದು ಸುಳ್ಳಲ್ಲ, ಯಾಕೆ ಹಚ್ಚಿದ ಅನ್ನೋದನ್ನು ಮಾತ್ರ ಜನ ಬಿಟ್ಟುಬಿಡುತ್ತಾರೆ. ಮೂಗಿನ ವಿಷಯ ಬೇರೆ. ಅದು ಆಪರೇಷನ್ನೇ, ಆತನೇ ಒಪ್ಪಿದ್ದಾನೆ. ಅಲ್ಲಿ ನಾನು ವಕೀಲಿ ಮಾಡುವುದಿಲ್ಲ.

ನಮ್ಮ ಸೋದರತ್ತೆಗೆ ತೊನ್ನು ಇತ್ತು. ಮೊದಲು ತುಟಿ ಅಂಚಿಗೆ, ಆಮೇಲೆ ಎರಡೂ ಕೈಗೆ. ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ಲ, ಆ ಉರಿಯಲ್ಲೂ ಉದ್ದ ತೋಳಿನ ಕುಪ್ಪಸ, ಬೆರಳ ತನಕ ಎಳೆದ ಸೆರಗು. ಮದುವೆಯ ಊಟದಲ್ಲಿ ಬಡಿಸಲು ಎದ್ದರೆ 'ನೀ ಕೂಡು ಬೇ' ಅನ್ನುತ್ತಿದ್ದರು. ಪ್ರೀತಿಯಿಂದ ಅಂತ ನಾನು ಬಹಳ ದಿನ ತಿಳಿದಿದ್ದೆ. ಹಾಲಿನ ಜೊತೆ ಮೀನು ತಿಂದಿರಬೇಕು ಅನ್ನುವವರು ಕೆಲವರು. ಆಕೆ ಲಿಂಗ ಕಟ್ಟಿದವಳು, ಮೀನನ್ನು ಕಣ್ಣಲ್ಲೂ ಕಂಡವಳಲ್ಲ. ಒಂದು ದಿನ ಟಿವಿಯಲ್ಲಿ ಜಾಕ್ಸನ್ ಬಂದ. ನಾವೆಲ್ಲ 'ಬಿಳಿ ಬಣ್ಣ ಬಳಕೊಂಡಾನ' ಅಂತ ನಗುತ್ತಿದ್ದೆವು. ಅತ್ತೆ ಒಬ್ಬಳೇ ಅವನ ಕೈ ನೋಡುತ್ತಿದ್ದಳು. 'ಇವಗೂ ನನ್ನಂಗ ಅದನೋ' ಅಂದಳು. ಡಾಕ್ಟರಿಗೂ ಮೊದಲೇ ಹೇಳಿದವಳು ನಮ್ಮತ್ತೆ.

ತಿಳಿಯದವರಿಗಾಗಿ: ತೊನ್ನು ಅಂಟುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಮೇಲೆ ತಿರುಗಿಬೀಳುವುದರಿಂದ ಬರುತ್ತದೆ. ಜಗತ್ತಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದೆ. ಎಲ್ಲ ಬಣ್ಣದವರಿಗೂ ಬರುತ್ತದೆ, ಕಪ್ಪು ಮೈಯಲ್ಲಿ ಎದ್ದು ಕಾಣುತ್ತದೆ, ಅಷ್ಟೇ. ಇದನ್ನು ಬಿಳಿ ಕುಷ್ಠ ಅನ್ನೋದು ಶುದ್ಧ ತಪ್ಪು. ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಕುಷ್ಠವಂತೂ ಔಷಧಿಯಿಂದ ಪೂರ್ತಿ ವಾಸಿಯಾಗುವ ರೋಗ. ತೊನ್ನಿಗೂ ಮುಲಾಮು, ಬೆಳಕಿನ ಚಿಕಿತ್ಸೆ ಇವೆ. ಚರ್ಮದ ಡಾಕ್ಟರನ್ನು ಬೇಗ ಕಂಡಷ್ಟು ಒಳ್ಳೆಯದು. ಜಾಕ್ಸನ್ ಸತ್ತ ಜೂನ್ 25ನ್ನೇ ವಿಶ್ವ ತೊನ್ನು ದಿನ ಅಂತ ಆಚರಿಸುತ್ತಾರೆ.

ಈಜಿಪ್ಟಿನ ರಾಜನ ಕತೆ ಇರುವ ವಿಡಿಯೊದಲ್ಲಿ ಎಲ್ಲರೂ ಕಪ್ಪು ಜನ. ಬೇಕಂತಲೇ ಮಾಡಿದ್ದಾ?

ಬೇಕಂತಲೇ. 1992ರ 'ರಿಮೆಂಬರ್ ದ ಟೈಮ್' ಅದು. ನಿರ್ದೇಶಕ ಜಾನ್ ಸಿಂಗಲ್ಟನ್‌ಗೆ ಆಗ ಬರೀ 24 ವರ್ಷ. ರಾಜನಾಗಿ ಎಡ್ಡಿ ಮರ್ಫಿ, ರಾಣಿಯಾಗಿ ಸೊಮಾಲಿಯಾದ ಇಮಾನ್. ಡಂಗುರ ಸಾರುವವನಾಗಿ ಬಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್. ತನಗೆ ಎಚ್‌ಐವಿ ಇದೆ ಅಂತ ಆತ ಹೇಳಿ ಮೂರು ತಿಂಗಳೂ ಆಗಿರಲಿಲ್ಲ. ಕೈ ಕುಲುಕಲು ಜನ ಹೆದರುತ್ತಿದ್ದ ಕಾಲದಲ್ಲಿ ಕರೆದು ಪಾತ್ರ ಕೊಟ್ಟದ್ದು ಸಣ್ಣ ಮಾತಲ್ಲ. ಹಾಲಿವುಡ್ ಅಲ್ಲಿಯವರೆಗೆ ಈಜಿಪ್ಟಿನ ರಾಜರಾಣಿಯರ ಪಾತ್ರಕ್ಕೆ ಬಿಳಿಯರನ್ನೇ ಹಾಕುತ್ತಿತ್ತು.

ಆಫ್ರಿಕಾ ಅಂದರೆ ದೂರದ ಮಾತು ಅನ್ನಿಸಿದರೆ ಬೀದರ್‌ಗೆ ಹೋಗಿ ಬನ್ನಿ. ಊರ ಪೂರ್ವಕ್ಕೆ ಹಬ್ಶಿ ಕೋಟ್ ಅಂತ ಒಂದು ಗುಡ್ಡವಿದೆ, ಮೇಲೆ ಗೋರಿಗಳು. ಹಬ್ಶಿಗಳು ಅಂದರೆ ಇಥಿಯೋಪಿಯಾ ಕಡೆಯಿಂದ ಬಂದವರು. ಗುಲಾಮರಾಗಿ ಬಂದ ಅನೇಕರು ಬಹಮನಿಯರ ಆಸ್ಥಾನದಲ್ಲಿ ಸರದಾರರಾದರು, ದಖನಿಗಳ ಜೊತೆ ಸೇರಿ ರಾಜಕಾರಣ ನಡೆಸಿದರು. ಬೀದರ್ ಕೋಟೆಗೆ ಹೋದವರೆಲ್ಲ ಬಿದರಿ ಹೂಜಿ ಕೊಂಡು ವಾಪಸ್ ಬರುತ್ತಾರೆ, ಆ ಗುಡ್ಡ ಹತ್ತುವವರು ಕಡಿಮೆ.

ಬ್ರೆಜಿಲ್‌ನಲ್ಲಿ ಡೋಲು ಹೊಡೆಯುವವರು ಯಾರು?

ಓಲೋಡುಂ ಎಂಬ ತಂಡ. ಬ್ರೆಜಿಲ್ಲಿನ ಸಾಲ್ವಡೋರ್ ಊರಿನ ಕಪ್ಪು ಜನರ ತಾಳವಾದ್ಯ ತಂಡ, 1979ರಲ್ಲಿ ಶುರುವಾದದ್ದು. ವಿಡಿಯೊ 'ದೇ ಡೋಂಟ್ ಕೇರ್ ಅಬೌಟ್ ಅಸ್', 1996, ನಿರ್ದೇಶನ ಸ್ಪೈಕ್ ಲೀ. ಅರ್ಧ ಶೂಟಿಂಗ್ ಸಾಲ್ವಡೋರ್‌ನಲ್ಲಿ, ಇನ್ನರ್ಧ ರಿಯೊ ನಗರದ ಡೋನಾ ಮಾರ್ತಾ ಕೊಳೆಗೇರಿಯಲ್ಲಿ. ಅಲ್ಲಿನ ಅಧಿಕಾರಿಗಳು ಬೇಡ ಅಂದರು. ಬಡತನ ತೋರಿಸಿದರೆ ಪ್ರವಾಸಿಗರು ಬರಲ್ಲ, 2004ರ ಒಲಿಂಪಿಕ್ಸ್ ಸಿಗಲ್ಲ ಅಂತ ಅವರ ಚಿಂತೆ. ಕೋರ್ಟಿನ ತನಕ ಹೋಗಿ ಕೊನೆಗೆ ಶೂಟಿಂಗ್ ಆಯಿತು. ಈಗ ಅದೇ ಕೊಳೆಗೇರಿಯಲ್ಲಿ ಜಾಕ್ಸನ್ ಪ್ರತಿಮೆ ಇದೆ, ನೋಡಲು ಪ್ರವಾಸಿಗರೇ ಬರುತ್ತಾರೆ.

ಈ ಹಾಡಿಗೆ ಇನ್ನೊಂದು ಮುಖವೂ ಇದೆ. ಮೊದಲ ಸಾಹಿತ್ಯದಲ್ಲಿ ಯಹೂದಿಗಳನ್ನು ಹೀಯಾಳಿಸುವ ಪದಗಳಿದ್ದವು. ತಕರಾರು ಬಂತು. ತುಳಿತಕ್ಕೊಳಗಾದವರ ಪರ ಹಾಡಿದ್ದು, ಹೀಯಾಳಿಸಲು ಅಲ್ಲ ಅಂತ ಜಾಕ್ಸನ್ ವಾದಿಸಿದ, ಆಮೇಲೆ ಕ್ಷಮೆ ಕೇಳಿ ಬೇರೆ ಸಾಲು ಹಾಡಿದ. ಒಬ್ಬರ ಪರ ನಿಂತು ಇನ್ನೊಬ್ಬರ ಕಾಲು ತುಳಿಯುವುದು ಅಂದರೆ ಇದೇ.

ಆ ಡೋಲಿನ ಸದ್ದು ಶುರುವಾದಾಗ ನಮ್ಮ ಹುಡುಗರು ಕೂತಲ್ಲಿ ಕೂರುವುದಿಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಲಗಿ ಸದ್ದಿಗೆ ಹೆಜ್ಜೆ ಹಾಕಿದ ಕಾಲುಗಳು ಅವು. ಹಿಂದೂ, ಮುಸ್ಲಿಂ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ಹಲಗಿ ಬಾರಿಸುವವನನ್ನು ಊರ ಹೊರಗಿಟ್ಟ ಊರುಗಳೂ ನಮ್ಮವೇ, ಹಲಗಿ ಇಲ್ಲದೆ ದೇವರನ್ನು ಹೊರಡಿಸದ ಊರುಗಳೂ ಅವೇ.

ಹೆಣ್ಣಿನ ಥರ ಮಾತು, ಲಿಪ್‌ಸ್ಟಿಕ್. ಅದೇನು?

ಅದು ಆತ. ಮೆಲ್ಲಗಿನ ದನಿ, ಕಣ್ಣಿಗೆ ಕಾಡಿಗೆ, ಅದೇ ಮೈಯಲ್ಲಿ ಗ್ಯಾಂಗ್ ನಡುವೆ ನುಗ್ಗುವ ಕುಣಿತ. ಡ್ಯಾನ್ಸ್ ಕಲಿಯಲು ಬಂದ ಹುಡುಗರಿಗೆ 'ಹೆಣ್ಣಿಗ' ಅಂತ ಅನ್ನಿಸಿಕೊಂಡು ರೂಢಿಯಾಗಿದೆ. ನನಗೂ ಅಂದಿದ್ದಾರೆ. ಅಂದವರೇ ಗಣಪತಿ ಮೆರವಣಿಗೆಯಲ್ಲಿ ಎರಡು ಹೆಜ್ಜೆ ಹೇಳಿಕೊಡು ಅಂತ ಬರುತ್ತಾರೆ.

ಮಕ್ಕಳ ವಿಷಯದ ಆರೋಪ ಇದ್ದವನ ವಿಡಿಯೊ ನೋಡಬಹುದಾ?

ಇದನ್ನು ನಾವು ಮುಚ್ಚಿಡುವುದಿಲ್ಲ. 1993ರಲ್ಲಿ ಒಬ್ಬ ಹುಡುಗನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಆರೋಪ ಬಂತು, ಮುಂದಿನ ವರ್ಷ ಹಣ ಕೊಟ್ಟು ಕೋರ್ಟಿನ ಹೊರಗೆ ಮುಗಿಸಿದರು. ಇನ್ನೊಬ್ಬ ಹುಡುಗನ ಪ್ರಕರಣದ ವಿಚಾರಣೆ ನಡೆದು 2005ರಲ್ಲಿ ಎಲ್ಲ ಆರೋಪಗಳಿಂದ ಬಿಡುಗಡೆಯಾಯಿತು. ಆತ ಸತ್ತ ಹತ್ತು ವರ್ಷಕ್ಕೆ, 2019ರಲ್ಲಿ, ಇಬ್ಬರು ಗಂಡಸರು ಚಿಕ್ಕಂದಿನಲ್ಲಿ ತಮ್ಮ ಮೇಲೆ ದೌರ್ಜನ್ಯ ನಡೆದಿತ್ತು ಅಂತ ಒಂದು ಸಾಕ್ಷ್ಯಚಿತ್ರದಲ್ಲಿ ಹೇಳಿದರು. ಮನೆಯವರು ಅಲ್ಲಗಳೆಯುತ್ತಾರೆ. ಒಮ್ಮೆ ಒಬ್ಬ ತಾಯಿ ಇದನ್ನು ಕೇಳಿ ಮಗಳ ಕೈ ಹಿಡಿದು ಎದ್ದು ಹೋದರು. ಅವರನ್ನು ತಡೆಯಲಿಲ್ಲ. ಈಗ ಪ್ರತಿ ಸಲ ವಿಡಿಯೊ ಹಾಕುವ ಮೊದಲೇ ಈ ನಾಲ್ಕು ಮಾತು ಹೇಳುತ್ತೇವೆ. ಇದ್ದು ನೋಡುವವರು ಗೊತ್ತಿದ್ದೇ ನೋಡಲಿ.

ಭಾರತಕ್ಕೆ ಬಂದಿದ್ದನಾ?

1996ರ ನವೆಂಬರ್ 1, ಮುಂಬೈನ ಅಂಧೇರಿ ಕ್ರೀಡಾಂಗಣ. ಒಂದೇ ಪ್ರದರ್ಶನ. ಭಾರತದ ಮೈಕಲ್ ಜಾಕ್ಸನ್ ಅನ್ನಿಸಿಕೊಂಡ ಪ್ರಭುದೇವ ಮಾತ್ರ ನಮ್ಮ ಮೈಸೂರಲ್ಲೇ ಹುಟ್ಟಿದವರು.

ನಾವು ಆಲ್ಬಂ ಸಾಂಗ್ ಮಾಡ್ತೀವಿ. ಇದರಿಂದ ನಮಗೇನು ಉಪಯೋಗ?

ಒಂದೇ ಒಂದು ಬೇಡಿಕೆ: ಫಿಲ್ಟರ್ ತೆಗೆಯಿರಿ. ನಮ್ಮ ಕಡೆಯ ಜಾನಪದ ಆಲ್ಬಂಗಳಲ್ಲಿ ಭಾಷೆ ಪಕ್ಕಾ ನಮ್ಮದು. ಜೋಳದ ಹೊಲ, ತೊಗರಿ ಹೊಲ, ಟ್ರ್ಯಾಕ್ಟರ್, ಎಲ್ಲ ನಮ್ಮದು. ನಾಯಕಿಯ ಮುಖ ಮಾತ್ರ ಸುಣ್ಣ ಬಳಿದ ಗೋಡೆ. ಕತ್ತು ಒಂದು ಬಣ್ಣ, ಕೆನ್ನೆ ಇನ್ನೊಂದು. ಎಡಿಟಿಂಗ್ ಮಾಡುವ ಹುಡುಗನಿಗೆ ಕೇಳಿದರೆ 'ಹಂಗ ಮಾಡಿದ್ರೇ ವ್ಯೂಸ್ ಬರ್ತಾವ್ರಿ ಅಣ್ಣಾ' ಅನ್ನುತ್ತಾನೆ. ಎಂಟಿವಿ ನಿರೂಪಕ ಹೇಳಿದ್ದೂ ಇದನ್ನೇ ಅಲ್ವಾ?

ಕ್ಯಾಮೆರಾದ್ದೂ ಸ್ವಲ್ಪ ತಪ್ಪಿದೆ. ಕೊಡಾಕ್ ಕಂಪನಿ ಹಿಂದೆ ಬಣ್ಣ ಸರಿಯಾಗಿದೆಯೇ ಅಂತ ನೋಡಲು ಲ್ಯಾಬ್‌ಗಳಿಗೆ ಒಂದು ಫೋಟೊ ಕಳಿಸುತ್ತಿತ್ತು. ಶರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿ ಇರುತ್ತಿದ್ದವಳು ಬಿಳಿ ಹೆಂಗಸು. ಅವಳು ಚೆನ್ನಾಗಿ ಬಂದರೆ ಎಲ್ಲ ಚೆನ್ನಾಗಿದೆ ಅಂತ ಲೆಕ್ಕ. ಕಪ್ಪು ಮುಖಗಳಲ್ಲಿ ಬರೀ ಹಲ್ಲು, ಕಣ್ಣು ಕಾಣುತ್ತಿದ್ದವು. ಈಗಿನ ಮೊಬೈಲ್‌ಗಳು ಬಹಳ ಸುಧಾರಿಸಿವೆ. ಶೂಟ್ ಮಾಡುವಾಗ ಆಕಾಶದ ಬದಲು ಮುಖದ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ. ಮಧ್ಯಾಹ್ನದ ಬಿಸಿಲು ಬೇಡ, ಸಂಜೆ ಐದೂವರೆಯ ಮೇಲೆ ಇಡಿ. ನಮ್ಮ ಮೈಬಣ್ಣಕ್ಕೆ ಆ ಬೆಳಕು ಹೇಳಿ ಮಾಡಿಸಿದ್ದು. ಕಲಬುರಗಿ ಅಥವಾ ಬೀದರ್ ಕೋಟೆಯೊಳಗೆ ಶೂಟಿಂಗ್ ಅಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಸುಮ್ನೆ ಟ್ರೈಪಾಡ್ ಹೊತ್ತು ಹೋಗಿ ವಾಪಸ್ ಬರಬೇಡಿ.

ನಾನೂ ಬರಬಹುದಾ? ಏನು ತರಬೇಕು?

ಬರ್ರಿ. ದುಡ್ಡಿಲ್ಲ, ಹೆಸರು ಬರೆಸಬೇಕಿಲ್ಲ. ಕುರ್ಚಿ ಹನ್ನೆರಡೇ ಇವೆ, ಹಿರಿಯರಿಗೆ ಬಿಟ್ಟು ಉಳಿದವರು ಜಮಖಾನೆ ಮೇಲೆ ಕೂರುತ್ತೇವೆ. ನೀರಿನ ಬಾಟಲಿ ತನ್ನಿ. ತೀರಾ ಚಿಕ್ಕ ಮಕ್ಕಳನ್ನು 'ಥ್ರಿಲ್ಲರ್' ದಿನ ಕರೆತರಬೇಡಿ. ಹೋದ ಸಲ ಒಂದು ಮಗು ಅಳು ನಿಲ್ಲಿಸದೆ ಅರ್ಧಕ್ಕೇ ನಿಲ್ಲಿಸಿದೆವು. ಜೂನ್‌ನಲ್ಲಿ ಮಾತ್ರ ಎರಡನೇ ಭಾನುವಾರ ಇರುವುದಿಲ್ಲ, 25ನೇ ತಾರೀಕೇ ಸೇರುತ್ತೇವೆ, ಯಾವ ವಾರ ಬಂದರೂ ಸರಿ. ಆ ದಿನ ಅತ್ತೆಯೂ ಬರುತ್ತಾಳೆ. ಈಗ ಅರ್ಧ ತೋಳಿನ ಕುಪ್ಪಸ ತೊಡುತ್ತಾಳೆ, ಕೂಲರ್ ಪಕ್ಕದ ಕುರ್ಚಿ ಆಕೆಯದು.